ಬಯಲುಸೀಮೆಯ ಬಿಸಿಲಿಗೆ ಬಕೆಟ್ ಕೈತೋಟ: ಮಣ್ಣು ಕಲಸುವುದರಿಂದ ಕಾಯಿ ಕೊಯ್ಯುವವರೆಗೆ

ವಿಜಯಪುರ, ಬಾಗಲಕೋಟೆ ಕಡೆ ಮಾಳಿಗೆಯ ಮೂಲೆಯಲ್ಲಿ ಒಂದೆರಡು ಖಾಲಿ ಪೇಂಟಿನ ಬಕೆಟ್ ಇಲ್ಲದ ಮನೆ ಅಪರೂಪ. ಅದರಲ್ಲಿ ಹೊಲದ ಮಣ್ಣು ತುಂಬಿ, ಟೊಮ್ಯಾಟೊ ಸಸಿ ಹಚ್ಚಿ, ದಿನಾಲೂ ಬೋರ್‌ವೆಲ್ ನೀರು ಹಾಕಿ, ಏಪ್ರಿಲ್ ಹೊತ್ತಿಗೆ ಸಸಿ ಒಣಗಿದ್ದು ನೋಡಿ "ನಮ್ಮ ಕೈಗೆ ಗಿಡ ಹತ್ತಂಗಿಲ್ಲ" ಎಂದು ಕೈಬಿಟ್ಟವರು ಊರ ತುಂಬ ಸಿಗುತ್ತಾರೆ. ತಪ್ಪು ಕೈಯದಲ್ಲ. ಈ ಸೀಮೆಯಲ್ಲಿ ಬಕೆಟ್ ಗಿಡ ಸಾಯುವುದಕ್ಕೆ ಮುಖ್ಯವಾಗಿ ಮೂರು ಕಾರಣ: ಬಕೆಟ್ಟಿನೊಳಗೆ ಗಟ್ಟಿಯಾಗುವ ಎರೆಮಣ್ಣು, ಬಿಸಿಲಿಗೆ ಕಾಯುವ ಬಕೆಟ್ಟಿನ ಮೈ, ನೀರಿನ ಜೊತೆ ಬಂದು ಬೇರಿನ ಸುತ್ತ ಕೂಡುವ ಉಪ್ಪು. ಬೀಜ, ಗೊಬ್ಬರ, ಔಷಧಿಯ ಮಾತು ಇವುಗಳ ಆಮೇಲಿನದು. ಆದ್ದರಿಂದ ಇಲ್ಲಿ ಮಣ್ಣು ಮತ್ತು ನೀರಿನ ವಿಷಯವೇ ಹೆಚ್ಚು ಜಾಗ ತೆಗೆದುಕೊಂಡಿದೆ.

ಯಾವ ಬಕೆಟ್, ಎಷ್ಟು ದೊಡ್ಡದು

20 ಲೀಟರಿನ ಪೇಂಟ್ ಬಕೆಟ್ ಬಹುತೇಕ ತರಕಾರಿಗೆ ಸಾಕು. ನೀರಿನಲ್ಲಿ ಕಲಸುವ ಗೋಡೆ ಬಣ್ಣದ ಬಕೆಟ್ ಆಗಿರಲಿ. ಒಳಗೆ ಅಂಟಿದ ಬಣ್ಣವನ್ನು ಒಂದು ದಿನ ನೀರು ತುಂಬಿಟ್ಟು ನೆನೆಸಿದರೆ ಹಾಳೆಯಂತೆ ಸುಲಿದು ಬರುತ್ತದೆ. ಆಯಿಲ್ ಪೇಂಟ್, ಥಿನ್ನರ್, ಕೀಟನಾಶಕ, ಕಳೆನಾಶಕ ಇದ್ದ ಡಬ್ಬಿಯನ್ನು ಎಷ್ಟು ತೊಳೆದರೂ ತಿನ್ನುವ ಗಿಡಕ್ಕೆ ಬಳಸಬೇಡಿ.

ಅಳತೆ ಹೀಗೆ ನೆನಪಿಟ್ಟುಕೊಳ್ಳಿ. ಟೊಮ್ಯಾಟೊ, ಬದನೆ: 20 ಲೀಟರಿಗೆ ಒಂದೇ ಗಿಡ. ಎರಡು ಹಚ್ಚಿದರೆ ಎರಡೂ ಅರೆಹೊಟ್ಟೆಯಲ್ಲಿ ಉಳಿಯುತ್ತವೆ. ಮೆಣಸಿನ ಗಿಡಕ್ಕೆ 10ರಿಂದ 12 ಲೀಟರ್ ನಡೆಯುತ್ತದೆ, ಬೇಸಿಗೆ ದಾಟಿಸಬೇಕೆಂದರೆ 20 ಇರಲಿ. ಬೆಂಡೆ, ಚವಳಿಕಾಯಿ 20 ಲೀಟರಿಗೆ ಎರಡು. ಸವತೆ, ಹೀರೆ ಬಳ್ಳಿಗೆ ಒಂದಕ್ಕೊಂದು ಬಕೆಟ್. ಮೆಂತ್ಯ, ಕೊತ್ತಂಬರಿ, ರಾಜಗಿರಿ, ಪಾಲಕ್, ಸಬ್ಬಸಗಿಗೆ ಆಳ ಬೇಡ, ಅಗಲ ಬೇಕು. ಒಡೆದ ಬಕೆಟ್ಟನ್ನು 8 ಇಂಚು ಎತ್ತರಕ್ಕೆ ಕೊಯ್ದು ಇವಕ್ಕೆ ಬಳಸಬಹುದು. ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆಯ ಹೆಸರು ಕೇಳಿ ಲಿಂಬೆ ಸಸಿಯನ್ನು 20 ಲೀಟರಿಗೆ ಹಚ್ಚುವವರಿದ್ದಾರೆ. ಅದು ಎರಡು ವರ್ಷ ಬದುಕಿ, ಕಾಯಿ ಹಿಡಿಯುವ ಹೊತ್ತಿಗೆ ಬೇರು ಸುತ್ತಿಕೊಂಡು ಕುಂದುತ್ತದೆ. ಲಿಂಬೆಗೆ 200 ಲೀಟರ್ ಡ್ರಮ್ಮಿನ ಅರ್ಧ ಬೇಕು.

ಭಾರದ ಲೆಕ್ಕವನ್ನೂ ಮೊದಲೇ ಮಾಡಿ. ಮಣ್ಣು ತುಂಬಿ ನೀರು ಕುಡಿದ 20 ಲೀಟರ್ ಬಕೆಟ್ ಸುಮಾರು 20ರಿಂದ 25 ಕೆ.ಜಿ. ತೂಗುತ್ತದೆ. 40 ಬಕೆಟ್ ಎಂದರೆ ಹೆಚ್ಚುಕಡಿಮೆ ಒಂದು ಟನ್. ಆರ್‌ಸಿಸಿ ಮಾಳಿಗೆಯಾದರೆ ನಡುವೆ ಗುಂಪು ಹಾಕದೆ ಕೆಳಗೆ ಗೋಡೆ ಅಥವಾ ತೊಲೆ ಇರುವ ಅಂಚಿನುದ್ದಕ್ಕೆ ಸಾಲಾಗಿ ಇಡಿ. ಹಳೆಯ ಮಣ್ಣಿನ ಮೇಲ್ಮುದ್ದೆಯ ಮನೆಯಾದರೆ ಮೇಲೆ ಇಡುವ ಯೋಚನೆಯೇ ಬೇಡ. ಸೋರುವ ನೀರಿಗೆ ಜಂತಿ ಕೊಳೆಯುತ್ತದೆ. ಅಂಗಳ, ಹಿತ್ತಲು, ಕಟ್ಟೆಯ ಬಗಲು ಸಾಕು. ಪ್ಯಾರಾಪೆಟ್ ಗೋಡೆಯ ನೆತ್ತಿಯ ಮೇಲೆ ಎಂದೂ ಇಡಬಾರದು. ಆಷಾಢದ ಗಾಳಿ 20 ಕೆ.ಜಿ. ಬಕೆಟ್ಟನ್ನೂ ಗಿಡದ ಸಮೇತ ಉರುಳಿಸುತ್ತದೆ.

ತೂತು ಹಾಕುವುದು ಚಿಕ್ಕ ಕೆಲಸ, ಆದರೆ ಹೆಚ್ಚು ಕೆಡುವುದು ಇಲ್ಲೇ. ಡ್ರಿಲ್ ಇದ್ದರೆ 8 ಮಿ.ಮೀ. ಬಿಟ್, ಇಲ್ಲದಿದ್ದರೆ ಇಕ್ಕಳದಲ್ಲಿ ಹಿಡಿದು ಕಾಯಿಸಿದ ದಪ್ಪ ಮೊಳೆ. ತಳದಲ್ಲಿ 6 ತೂತು, ತಳದಿಂದ ಒಂದು ಇಂಚು ಮೇಲೆ ಬದಿಯಲ್ಲಿ ಸುತ್ತಲೂ 4 ತೂತು. ಬದಿಯವು ಯಾಕೆಂದರೆ, ಬಕೆಟ್ ಸಪಾಟು ನೆಲಕ್ಕೆ ಕೂತಾಗ ತಳದ ತೂತು ಕೆಸರಿನಿಂದ ಮುಚ್ಚಿಹೋಗುತ್ತವೆ. ತಳಕ್ಕೆ ಹಂಚಿನ ಚೂರು, ಜಲ್ಲಿಕಲ್ಲು ತುಂಬುವ ಪದ್ಧತಿ ಇದೆಯಲ್ಲ, ಅದರಿಂದ ಲಾಭವಿಲ್ಲ. ಅಷ್ಟು ಜಾಗ ಬೇರಿಗೆ ಕಡಿಮೆಯಾಗುತ್ತದೆ, ಕಲ್ಲಿನ ಮೇಲಿನ ಮಣ್ಣು ಮೊದಲಿಗಿಂತ ಹೆಚ್ಚು ಹೊತ್ತು ಹಸಿಯಾಗಿಯೇ ಉಳಿಯುತ್ತದೆ. ತೂತಿನ ಮೇಲೆ ಸೊಳ್ಳೆ ಪರದೆಯ ಒಂದು ತುಂಡು ಹಾಸಿದರೆ ಸಾಕು.

ಎರೆಮಣ್ಣು ಬಕೆಟ್ಟಿಗೆ ಯಾಕೆ ಆಗದು

ಜೋಳ, ಕಡಲೆ ಬೆಳೆಯುವ ನಮ್ಮ ಎರೆಮಣ್ಣು ಹೊಲದಲ್ಲಿ ಬಂಗಾರ. ಹಿಂಗಾರಿನ ಬೆಳೆ ಅದು ಹಿಡಿದಿಟ್ಟ ಹಸಿಯ ಮೇಲೆಯೇ ಬರುತ್ತದೆ. ಆ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹೊಲದಲ್ಲಿ ಬಿರುಕು ಬಿಟ್ಟರೂ ಬೇರಿಗೆ ಆಳವಿದೆ. ಬಕೆಟ್ಟಿನಲ್ಲಿ ಆ ಆಳವಿಲ್ಲ. ಹಸಿಯಿದ್ದಾಗ ಗಾಳಿಯಾಡದೆ ಬೇರು ಉಸಿರುಗಟ್ಟುತ್ತದೆ. ಒಣಗಿದಾಗ ಇಡೀ ಮಣ್ಣು ಗಡ್ಡೆ ಕಟ್ಟಿ ಬಕೆಟ್ಟಿನ ಗೋಡೆಯಿಂದ ಬೆರಳು ಸೇರುವಷ್ಟು ದೂರ ಸರಿಯುತ್ತದೆ. ಆಗ ಹಾಕಿದ ನೀರೆಲ್ಲ ಆ ಸಂದಿಯಿಂದ ಇಳಿದು ತಳದ ತೂತಿನಿಂದ ಹರಿದುಹೋಗುತ್ತದೆ. ನೋಡುವವರಿಗೆ ನೀರು ಹಾಕಿದಂತೆ ಕಾಣುತ್ತದೆ, ಗಡ್ಡೆಯ ಒಳಗಿನ ಬೇರು ಮಾತ್ರ ಒಣಗಿಯೇ ಇರುತ್ತದೆ.

ಎರೆಮಣ್ಣಿಗೆ ಎರಡು ಬೊಗಸೆ ಉಸುಕು ಬೆರೆಸಿದರೆ ಹಗುರಾಗುತ್ತದೆ ಎನ್ನುವುದು ತಪ್ಪು ತಿಳುವಳಿಕೆ. ಅದು ಒಣಗಿದ ಮೇಲೆ ಇಟ್ಟಂಗಿಯಂತಾಗುತ್ತದೆ. ಮಸಾರಿ ಅಥವಾ ಕೆಂಪು ಮಣ್ಣನ್ನೇ ಹುಡುಕಿ. ಬಾದಾಮಿ, ಹುನಗುಂದ ಕಡೆ ಕೆಂಪು ಮಣ್ಣು ಸಿಗುತ್ತದೆ, ಬೆಳಗಾವಿ, ಖಾನಾಪುರದವರಿಗಂತೂ ಕಾಲಡಿಯಲ್ಲೇ ಇದೆ. ವಿಜಯಪುರದಲ್ಲಿ ನರ್ಸರಿಯವರು ತರಿಸಿಟ್ಟಿರುತ್ತಾರೆ.

ಒಂದು 20 ಲೀಟರ್ ಬಕೆಟ್ಟಿಗೆ, ಒಂದು ಲೀಟರಿನ ಡಬ್ಬಿಯಲ್ಲಿ ಅಳೆದು:

- ಮಸಾರಿ ಅಥವಾ ಕೆಂಪು ಮಣ್ಣು 6 ಡಬ್ಬಿ
- ಪೂರ್ತಿ ಕಳಿತ ತಿಪ್ಪೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ 6 ಡಬ್ಬಿ
- ನೆನೆಸಿ ಹಿಂಡಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) 5 ಡಬ್ಬಿ
- ದಪ್ಪ ಉಸುಕು 1 ಡಬ್ಬಿ
- ಬೇವಿನ ಹಿಂಡಿ 100 ಗ್ರಾಂ, ಟ್ರೈಕೋಡರ್ಮಾ (ಬೇರು ಕೊಳೆಯುವ ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಪುಡಿ 10 ಗ್ರಾಂ

ಮಸಾರಿ ಸಿಗದೇ ಹೋದರೆ ಎರೆಮಣ್ಣನ್ನು 3 ಡಬ್ಬಿಗೆ ಇಳಿಸಿ, ಕೊಕೊಪೀಟನ್ನು 8ಕ್ಕೆ ಏರಿಸಿ. ಅದಕ್ಕಿಂತ ಹೆಚ್ಚು ಎರೆ ಬೇಡ.

ಗೊಬ್ಬರ ಕಳಿತಿದೆಯೋ ಇಲ್ಲವೋ ಮೂಗೇ ಹೇಳುತ್ತದೆ. ಹೆಂಡಿಯ ವಾಸನೆ ಬಂದರೆ ಇನ್ನೂ ಹಸಿ. ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ತಯಾರು. ಹಸಿ ಗೊಬ್ಬರ ಬಕೆಟ್ಟಿನಲ್ಲಿ ಕಾವು ಕೊಟ್ಟು ಬೇರು ಸುಡುತ್ತದೆ. ಅದರ ಜೊತೆ ಬಿಳಿ ಗೊಣ್ಣೆಹುಳು ಬಂದರೆ ಮೆಣಸಿನ ಗಿಡದ ಬೇರು ತಿಂದು, ನಿಂತ ಗಿಡ ಒಂದೇ ದಿನಕ್ಕೆ ಬಾಡುತ್ತದೆ. ಜಾಲರಿಯಲ್ಲಿ ಸೋಸಿದರೆ ಹುಳು ಕಣ್ಣಿಗೆ ಬೀಳುತ್ತವೆ, ಆರಿಸಿ ಕೋಳಿಗೆ ಹಾಕಿ.

5 ಕೆ.ಜಿ. ಕೊಕೊಪೀಟ್ ಇಟ್ಟಂಗಿ ನೆನೆದರೆ ಸುಮಾರು 70 ಲೀಟರ್ ಆಗುತ್ತದೆ, 13–14 ಬಕೆಟ್ಟಿಗೆ ಬರುತ್ತದೆ. ಅದರಲ್ಲೂ ಉಪ್ಪಿರುತ್ತದೆ. ಎರಡು ಸಲ ನೆನೆಸಿ ಹಿಂಡಿ, ಆ ನೀರು ಚೆಲ್ಲಿ. ಕೊಕೊಪೀಟಿಗೆ ದುಡ್ಡು ಹಾಕಲು ಮನಸ್ಸಿಲ್ಲದವರು ಶೇಂಗಾ ಸಿಪ್ಪೆ ಬಳಸಬಹುದು. ಆದರೆ ನೇರವಾಗಿ ಬೆರೆಸಬೇಡಿ. ಹಸಿ ಸಿಪ್ಪೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನೇ ತಿಂದು ಗಿಡ ಹಳದಿಯಾಗುತ್ತದೆ. ಹೆಂಡಿ ನೀರು ಚಿಮುಕಿಸಿ ಎರಡು ತಿಂಗಳು ಗುಂಪಿ ಹಾಕಿಟ್ಟು, ಕಪ್ಪಾಗಿ ಮೆತ್ತಗಾದ ಮೇಲೆ ಸೇರಿಸಿ.

ಎಲ್ಲವನ್ನೂ ತಾಡಪತ್ರಿಯ ಮೇಲೆ ಕಲಸಿ, ನೀರು ಚಿಮುಕಿಸಿ, ಒಂದು ಮುಷ್ಟಿ ತೆಗೆದು ಗಟ್ಟಿಯಾಗಿ ಹಿಡಿಯಿರಿ. ಮುಷ್ಟಿ ಬಿಚ್ಚಿದಾಗ ಉಂಡೆ ನಿಲ್ಲಬೇಕು; ಹೆಬ್ಬೆರಳಿಂದ ಮೆಲ್ಲಗೆ ದೂಡಿದರೆ ರವೆ ಉಂಡೆ ಒಡೆದ ಹಾಗೆ ಉದುರಬೇಕು. ಬೆರಳ ಸಂದಿಯಿಂದ ನೀರು ಜಿನುಗಿದರೆ ಹಸಿ ಹೆಚ್ಚಾಗಿದೆ. ಉಂಡೆ ಒಡೆಯದೆ, ಮೇಲೆ ಬೆರಳ ಗೆರೆ ಮೂಡಿ ಮಿಂಚಿದರೆ ಜೇಡಿ ಹೆಚ್ಚಾಗಿದೆ, ಇನ್ನೂ ಒಂದೆರಡು ಡಬ್ಬಿ ಕೊಕೊಪೀಟ್ ಬೀಳಲಿ. ಬಕೆಟ್ಟಿಗೆ ತುಂಬುವಾಗ ಒತ್ತಿ ಗಿಡಿಯಬೇಡಿ. ಎರಡು ಸಲ ನೆಲಕ್ಕೆ ಕುಟ್ಟಿದರೆ ತಾನೇ ಕೂಡುತ್ತದೆ. ಮೇಲೆ 2 ಇಂಚು ಖಾಲಿ ಬಿಡಿ, ನೀರು ನಿಂತು ಇಂಗಲು ಮತ್ತು ಮುಚ್ಚಿಗೆ (ಮಣ್ಣಿನ ಮೇಲೆ ಹಾಸುವ ರವದಿ, ಹೊಟ್ಟು) ಹಾಕಲು ಆ ಜಾಗ ಬೇಕು.

ಬಕೆಟ್ಟಿನ ಮೈ ತಂಪಾಗಿಡುವುದು

ಏಪ್ರಿಲ್–ಮೇನಲ್ಲಿ ಗಾಳಿಯೇ 40 ಡಿಗ್ರಿ ದಾಟುವ ಊರಿನಲ್ಲಿ, ಮಧ್ಯಾಹ್ನ ಮೂರಕ್ಕೆ ಪಶ್ಚಿಮಕ್ಕೆ ಮುಖ ಮಾಡಿದ ಬಕೆಟ್ಟಿನ ಮೈ ಮುಟ್ಟಿ ನೋಡಿ. ಕೈ ಇಡಲಾಗುವುದಿಲ್ಲ. ಗಿಡದ ಎಳೆಬೇರು ಹೆಚ್ಚಾಗಿ ಆ ಗೋಡೆಗೆ ಅಂಟಿಕೊಂಡೇ ಇರುತ್ತದೆ. ಬೇರು ಬೆಂದ ಗಿಡ ಹಸಿ ಮಣ್ಣಿನಲ್ಲಿ ನಿಂತೂ ಬಾಡುತ್ತದೆ. ಆಗ ಇನ್ನಷ್ಟು ನೀರು ಹಾಕಿದರೆ ಉಳಿದ ಬೇರೂ ಕೊಳೆಯುತ್ತದೆ.

ಇದಕ್ಕೆ ಖರ್ಚಿಲ್ಲದ ಉಪಾಯಗಳೇ ಹೆಚ್ಚು. ಬಣ್ಣದ ಬಕೆಟ್ಟಿಗೆ ಹೊರಗಿನಿಂದ ಸುಣ್ಣ ಬಳಿಯಿರಿ, ಅಥವಾ ಗೋಣಿತಟ್ಟು ಸುತ್ತಿ ಸುತಳಿಯಿಂದ ಕಟ್ಟಿ. ಬಕೆಟ್ಟುಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟರೆ ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತದೆ. ಪಶ್ಚಿಮದ ಅಂಚಿಗೆ ಖಾಲಿ ಬಕೆಟ್, ಹಳೆಯ ಹಲಗೆ ಏನಾದರೂ ಅಡ್ಡ ಇಡಿ. ಕಾಂಕ್ರೀಟಿನ ಕಾವು ತಳದಿಂದ ಏರದಂತೆ ಎರಡು ಇಟ್ಟಂಗಿಯ ಮೇಲೆ ಕೂರಿಸಿ, ತೂತಿನಿಂದ ನೀರು ಬಸಿಯುವುದೂ ಇದರಿಂದ ಸರಾಗ. ಮಣ್ಣಿನ ಮೇಲೆ 2 ಇಂಚು ಮುಚ್ಚಿಗೆ ಹಾಕಿ. ಕಬ್ಬಿನ ರವದಿ, ಜೋಳದ ಕಣಕಿಯ ಚೂರು, ತೊಗರಿ ಹೊಟ್ಟು, ಯಾವುದು ಸಿಕ್ಕರೂ ಆದೀತು. ಕಾಂಡದ ಸುತ್ತ ಎರಡು ಬೆರಳಷ್ಟು ಬಿಟ್ಟು ಹಾಕಿ, ತಾಗಿದರೆ ಬುಡ ಕೊಳೆಯುತ್ತದೆ.

ಮಾರ್ಚ್ ನಡುವಿನಿಂದ ಮೊದಲ ಒಳ್ಳೆ ಮಳೆ ಬರುವವರೆಗೆ 50 ಶೇಕಡಾ ನೆರಳಿನ ಹಸಿರು ನೆಟ್ ಕಟ್ಟಲೇಬೇಕು. ಗಿಡದ ತಲೆಯಿಂದ ಕನಿಷ್ಠ 3 ಅಡಿ ಮೇಲಿರಲಿ, ಬಿಸಿ ಗಾಳಿ ಆಚೆ ಹೋಗಬೇಕಲ್ಲ. ನೆಟ್ ಇಲ್ಲದಿದ್ದರೆ ಹಳೆಯ ಕಾಟನ್ ಸೀರೆ ಒಂದು ಬೇಸಿಗೆ ಬಾಳುತ್ತದೆ.

ನೀರು, ಮತ್ತು ನೀರಿನೊಳಗಿನ ಉಪ್ಪು

"ದಿನಕ್ಕೆ ಎಷ್ಟು ನೀರು?" ಎಂಬ ಪ್ರಶ್ನೆಗೆ ಅಳತೆಯ ಉತ್ತರ ಅಂದಾಜಿಗಷ್ಟೇ. ದೊಡ್ಡ ಟೊಮ್ಯಾಟೊ ಗಿಡ ಏಪ್ರಿಲಿನಲ್ಲಿ ದಿನಕ್ಕೆ 2 ಲೀಟರ್ ಕುಡಿಯುತ್ತದೆ, ಡಿಸೆಂಬರಿನಲ್ಲಿ ಒಂದಕ್ಕೂ ಕಡಿಮೆ. ನಿಜವಾದ ಉತ್ತರ ಬೆರಳಿನಲ್ಲಿದೆ. ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ. ತುದಿಗೆ ತಂಪು ತಾಗಿ ಮಣ್ಣು ಅಂಟಿದರೆ ನಾಳೆ ನೋಡಿ. ಒಣ ಪುಡಿ ತಾಗಿದರೆ ಈಗಲೇ ಹಾಕಿ. ಹಾಕುವಾಗ ತಳದಿಂದ ಒಸರುವವರೆಗೆ ನಿಧಾನಕ್ಕೆ ಹಾಕಿ. ದಿನಾ ಒಂದೊಂದು ಲೋಟ ಚಿಮುಕಿಸುವುದರಿಂದ ಮೇಲಿನ ಎರಡು ಇಂಚು ಮಾತ್ರ ನೆನೆದು ಬೇರು ಮೇಲಕ್ಕೇ ಬರುತ್ತದೆ, ಮತ್ತೆ ಅದೇ ಬೇರು ಬಿಸಿಲಿಗೆ ಸುಡುತ್ತದೆ. ಬೆಳಗ್ಗೆ ಎಂಟರೊಳಗೆ ಹಾಕುವುದು ಒಳ್ಳೆಯದು.

ಮಧ್ಯಾಹ್ನ ಎಲೆ ಜೋಲುವುದನ್ನು ನೋಡಿ ಗಾಬರಿಯಾಗಬೇಡಿ, ಸಂಜೆಗೆ ಎದ್ದು ನಿಂತರೆ ಗಿಡಕ್ಕೆ ಏನೂ ಆಗಿಲ್ಲ. ಬೆಳಗ್ಗೆ ಏಳಕ್ಕೂ ಜೋತೇ ಇದ್ದರೆ ಬೆರಳು ಚುಚ್ಚಿ. ಒಣಗಿದ್ದರೆ ಬಾಯಾರಿಕೆ, ಹಸಿಯಿದ್ದರೆ ಬೇರು ಕೊಳೆತಿದೆ. ಎರಡಕ್ಕೂ ಒಂದೇ ಮದ್ದು ಕೊಡುವುದೇ ಬಹಳ ಗಿಡಗಳನ್ನು ಕೊಂದಿದೆ.

ಇನ್ನು ಉಪ್ಪು. ಈ ಸೀಮೆಯ ಬಹಳಷ್ಟು ಬೋರ್‌ವೆಲ್ ನೀರು ಗಡಸು, ಕೆಲವೆಡೆ ಸವಳು. ಗಿಡ ನೀರು ಕುಡಿದು ಹೆಚ್ಚಿನ ಉಪ್ಪನ್ನು ಮಣ್ಣಲ್ಲೇ ಬಿಡುತ್ತದೆ. ಹೊಲದಲ್ಲಿ ಮಳೆ ಅದನ್ನು ತೊಳೆದು ಕೆಳಗಿಳಿಸುತ್ತದೆ. ಬಕೆಟ್ಟಿನಲ್ಲಿ ದಿನೇದಿನೇ ಕೂಡುತ್ತಲೇ ಹೋಗುತ್ತದೆ. ಮೊದಲು ಮಣ್ಣಿನ ಮೇಲೆ, ಬಕೆಟ್ಟಿನ ಕಂಠಕ್ಕೆ ಬಿಳಿ ಪೊರೆ ಕಾಣುತ್ತದೆ. ಆಮೇಲೆ ಹಳೆ ಎಲೆಯ ಅಂಚು ಸುಟ್ಟಂತೆ ಕಂದಾಗುತ್ತದೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣದ ನೀರು ಅದನ್ನು ಗಿಡಕ್ಕೆ ಸಿಗದಂತೆ ಮಾಡಿರುತ್ತದೆ.

ನೀರಿನಲ್ಲಿ ಕರಗಿದ ಉಪ್ಪು ತೋರಿಸುವ ಟಿಡಿಎಸ್ ಮೀಟರ್ ಇದ್ದರೆ ನಿಮ್ಮ ನೀರು ಅಳೆಯಿರಿ. 500ರ ಒಳಗಿದ್ದರೆ ಚಿಂತೆಯಿಲ್ಲ. 500ರಿಂದ 1500 ಆದರೆ ತಿಂಗಳಿಗೊಮ್ಮೆ ಮಣ್ಣು ತೊಳೆಯಬೇಕು. 1500 ಮೀರಿದರೆ ನಲ್ಲಿಯ ಹೊಳೆ ನೀರನ್ನೋ ಮಳೆ ನೀರನ್ನೋ ಅರ್ಧಕ್ಕರ್ಧ ಬೆರೆಸದೆ ಹಾಕಬೇಡಿ. ಮೀಟರ್ ಇಲ್ಲದವರು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ನೀರು ಪರೀಕ್ಷೆ ಮಾಡಿಸಬಹುದು, ವಿಜಯಪುರದವರಿಗೆ ಅದು ಹಿಟ್ನಳ್ಳಿಯಲ್ಲಿದೆ. ಮಣ್ಣು ತೊಳೆಯುವುದೆಂದರೆ ಇಷ್ಟೇ: 20 ಲೀಟರ್ ಬಕೆಟ್ಟಿಗೆ ಇದ್ದುದರಲ್ಲಿ ಒಳ್ಳೆಯ ನೀರು 15ರಿಂದ 20 ಲೀಟರ್, ಅರ್ಧ ಗಂಟೆಯಲ್ಲಿ ನಾಲ್ಕೈದು ಕಂತಾಗಿ ಹಾಕಿ ಕೆಳಗಿನಿಂದ ಹರಿಯಬಿಡಿ. ಬಸಿದ ನೀರು ತಟ್ಟೆಯಲ್ಲಿ ನಿಲ್ಲಬಾರದು, ಅದನ್ನು ಮತ್ತೆ ಗಿಡಕ್ಕೆ ಹಾಕಲೂಬಾರದು. ಮರುದಿನ ಗೊಬ್ಬರ ಕೊಡಿ, ಉಪ್ಪಿನ ಜೊತೆ ಸತ್ವವೂ ತೊಳೆದುಹೋಗಿರುತ್ತದೆ. ಮುಂಗಾರಿನಲ್ಲಿ ಮಾಳಿಗೆ ನೀರನ್ನು ಒಂದು ಡ್ರಮ್ಮಿಗೆ ಹಿಡಿದಿಟ್ಟರೆ ಈ ತೊಳೆತಕ್ಕೆ ಬರುತ್ತದೆ.

ಆರ್‌ಓ ಯಂತ್ರದಿಂದ ಹೊರಬೀಳುವ ನೀರು ವ್ಯರ್ಥವಾಗಬಾರದೆಂದು ಗಿಡಕ್ಕೆ ಹಾಕುವವರು ಬಹಳ. ದಯಮಾಡಿ ನಿಲ್ಲಿಸಿ. ಯಂತ್ರ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಅದು ನೆಲ ಒರೆಸಲು ಆಗಬಹುದು. ಅಕ್ಕಿ, ಬೇಳೆ ತೊಳೆದ ನೀರು, ಎಸಿಯಿಂದ ತೊಟ್ಟಿಕ್ಕುವ ನೀರು ಗಿಡಕ್ಕೆ ಒಳ್ಳೆಯವು.

ನೀರಿನ ತಳವಿರುವ ಜೋಡಿ ಬಕೆಟ್

ಎರಡು ದಿನ ಊರಿಗೆ ಹೋಗಬೇಕಾದವರಿಗೆ, ಬೇಸಿಗೆಯಲ್ಲೂ ಟೊಮ್ಯಾಟೊ ಉಳಿಸಿಕೊಳ್ಳಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಟಿಲ್ಲ. ಒಂದು ಬಕೆಟ್ಟಿನೊಳಗೆ ಇನ್ನೊಂದು. ಕೆಳಗೆ ನೀರು, ಮೇಲೆ ಮಣ್ಣು, ನಡುವೆ ನೀರನ್ನು ಮೇಲಕ್ಕೆಳೆಯುವ ಒಂದು ಬತ್ತಿ. ದೀಪದ ಬತ್ತಿ ಎಣ್ಣೆ ಏರಿಸಿದಂತೆಯೇ ಇದು.

ಬೇಕಾದದ್ದು: ಒಂದೇ ಅಳತೆಯ 20 ಲೀಟರಿನ ಎರಡು ಬಕೆಟ್, ಅರ್ಧ ಕೆ.ಜಿ. ಶ್ರೀಖಂಡದ ಖಾಲಿ ಡಬ್ಬಿ ಒಂದು, 1 ಇಂಚಿನ ಪಿವಿಸಿ ಪೈಪ್ 55 ಸೆಂ.ಮೀ., 3 ಇಂಚಿನ ಪೈಪಿನಿಂದ ಕೊಯ್ದ 8 ಸೆಂ.ಮೀ. ಎತ್ತರದ ಮೂರು ತುಂಡು, ಸೊಳ್ಳೆ ಪರದೆ.

1. ಒಳ ಬಕೆಟ್ಟಿನ ತಳದ ನಡುವೆ, ಶ್ರೀಖಂಡದ ಡಬ್ಬಿಯ ಮೈ ಇಳಿದು ಕಂಠ ಮಾತ್ರ ತಡೆಯುವಷ್ಟು ದೊಡ್ಡ ತೂತು ಕೊಯ್ಯಿರಿ. ಅಂಚಿನಲ್ಲಿ 1 ಇಂಚಿನ ಪೈಪ್ ಇಳಿಯುವ ತೂತು. ಉಳಿದ ಜಾಗದಲ್ಲಿ 6 ಮಿ.ಮೀ.ನ 15–20 ತೂತು, ಇವು ಗಾಳಿಗೆ.
2. ಡಬ್ಬಿಯ ಬದಿಗೆ, ತಳಕ್ಕೆ 4–5 ಮಿ.ಮೀ.ನ ಹದಿನೈದು ತೂತು ಹಾಕಿ. ನೆನೆದ ಕೊಕೊಪೀಟನ್ನು ಅದರಲ್ಲಿ ಹೆಬ್ಬೆರಳಿಂದ ಒತ್ತಿ ಒತ್ತಿ ತುಂಬಿ. ಎಲ್ಲೆಡೆ ಸಡಿಲ ಬೇಕೆಂದೆವು, ಇಲ್ಲಿ ಮಾತ್ರ ಬಿಗಿ ಬೇಕು. ಇಲ್ಲಿ ಪೊಳ್ಳು ಉಳಿದರೆ ನೀರು ಏರುವುದಿಲ್ಲ.
3. ಹೊರ ಬಕೆಟ್ಟಿನ ತಳಕ್ಕೆ ಮೂರು ಪೈಪ್ ತುಂಡುಗಳನ್ನು ನಿಲ್ಲಿಸಿ. ತಳದಿಂದ 7 ಸೆಂ.ಮೀ. ಎತ್ತರಕ್ಕೆ ಹೊರಗೋಡೆಗೆ 10 ಮಿ.ಮೀ.ನ ಒಂದು ತೂತು ಹಾಕಿ. ಹೆಚ್ಚಾದ ನೀರು ಇದರಿಂದಲೇ ಹೊರಹೋಗಬೇಕು. ಇದನ್ನು ಮರೆತರೆ ಮೊದಲ ಮಳೆಗೇ ಗಿಡ ಮುಳುಗುತ್ತದೆ. ಹೊರ ಬಕೆಟ್ಟಿನ ತಳದಲ್ಲಿ ಬೇರೆ ಯಾವ ತೂತೂ ಇರಬಾರದು.
4. ಬತ್ತಿಯಾಗುವ ಆ ಡಬ್ಬಿಯನ್ನು ಒಳ ಬಕೆಟ್ಟಿನ ನಡುವಿನ ತೂತಿಗೆ ಇಳಿಸಿ, ಆ ಬಕೆಟ್ಟನ್ನು ಹೊರ ಬಕೆಟ್ಟಿನೊಳಗೆ ಕೂರಿಸಿ. ನೀರು ಹಾಕುವ 1 ಇಂಚಿನ ಪೈಪಿನ ಕೆಳತುದಿಯನ್ನು ಓರೆಯಾಗಿ ಕೊಯ್ದು ಇಳಿಸಿ, ಸಪಾಟಾಗಿದ್ದರೆ ತಳಕ್ಕೆ ಅಂಟಿ ನೀರು ಇಳಿಯದು.
5. ಕೊಕೊಪೀಟ್ 9 ಡಬ್ಬಿ, ಎರೆಹುಳು ಗೊಬ್ಬರ 6, ದಪ್ಪ ಉಸುಕು 3 ಕಲಸಿ ತುಂಬಿ. ಮಣ್ಣು ಬೇಡ. ಜೇಡಿ ಸೇರಿದರೆ ಕೆಳಗಿನ ನೀರನ್ನೆಲ್ಲ ಹೀರಿ ಕೆಸರಾಗುತ್ತದೆ.
6. ಮೊದಲ ದಿನ ಮೇಲಿನಿಂದ ನೀರು ಹಾಕಿ, ಬದಿಯ ತೂತಿನಿಂದ ಬರುವವರೆಗೆ. ಆಮೇಲೆ ಪೈಪಿನಿಂದ ಮಾತ್ರ.

ತಳದಲ್ಲಿ 3ರಿಂದ 4 ಲೀಟರ್ ನಿಲ್ಲುತ್ತದೆ. ಕಾಯಿ ತುಂಬಿದ ಟೊಮ್ಯಾಟೊಗೆ ಬೇಸಿಗೆಯಲ್ಲಿ ಒಂದೂವರೆ ದಿನ, ಚಳಿಗಾಲದಲ್ಲಿ ನಾಲ್ಕು ದಿನ. ಮೋಟರ್‌ಸೈಕಲ್ಲಿನ ಆಯಿಲ್ ನೋಡುವಂತೆ ಪೈಪಿಗೆ ಒಂದು ಕಡ್ಡಿ ಇಳಿಸಿದರೆ ಎಷ್ಟು ಉಳಿದಿದೆ ಗೊತ್ತಾಗುತ್ತದೆ. ಪೂರ್ತಿ ಖಾಲಿಯಾಗಿ ಬತ್ತಿ ಒಣಗಿಹೋದರೆ ಪೈಪಿನಲ್ಲಿ ಎಷ್ಟು ಹಾಕಿದರೂ ನೀರು ಏರದು; ಮತ್ತೆ ಒಮ್ಮೆ ಮೇಲಿನಿಂದ ನೆನೆಸಬೇಕು. ಉಪ್ಪು ಇಲ್ಲಿ ಮೇಲ್ಮಣ್ಣಿಗೆ ಏರಿ ಕೂಡುವುದರಿಂದ ತಿಂಗಳ ತೊಳೆತವನ್ನು ತಪ್ಪಿಸಬೇಡಿ.

ಪೈಪಿನ ಬಾಯಿಗೂ ಬದಿಯ ತೂತಿಗೂ ಸೊಳ್ಳೆ ಪರದೆ ಕಟ್ಟಲೇಬೇಕು. ನಿಂತ ನೀರು ವಾರದಲ್ಲಿ ಡೆಂಗಿ ಸೊಳ್ಳೆಯ ಮನೆಯಾಗುತ್ತದೆ. ಬೆಳಕು ತೂರುವ ತೆಳು ಬಕೆಟ್ಟಾದರೆ ಹೊರಗೆ ಗೋಣಿ ಸುತ್ತಿ, ಇಲ್ಲದಿದ್ದರೆ ನೀರಿಗೆ ಪಾಚಿ ಕಟ್ಟುತ್ತದೆ.

ಯಾವಾಗ ಏನು ಹಚ್ಚಬೇಕು

ಮಿರಗದ ಮಳೆ ಹಿಡಿಯುವ ಜೂನ್ ಎರಡನೆಯ ವಾರಕ್ಕೆ ಮೆಣಸು, ಬದನೆ ಸಸಿ ತಯಾರಿರಬೇಕು. ಅಂದರೆ ಮೇ ಮೊದಲ ವಾರ ನೆರಳಲ್ಲಿ ಬೀಜ ಹಾಕಿರಬೇಕು, ಇವೆರಡಕ್ಕೂ ಸಸಿ ಆಗಲು 35–40 ದಿನ ಬೇಕು. ಟೊಮ್ಯಾಟೊಗೆ 25 ದಿನ ಸಾಕು. ಬೆಂಡೆ, ಚವಳಿ, ಪುಂಡಿ, ಹೀರೆ ನೇರ ಬಿತ್ತನೆ. ದಸರಾ ಸುತ್ತಮುತ್ತಲಿನಿಂದ ಸಂಕ್ರಾಂತಿವರೆಗೆ ನಮ್ಮ ಕಡೆ ತರಕಾರಿಯ ಸುಗ್ಗಿ: ಮೆಂತ್ಯ, ಕೊತ್ತಂಬರಿ, ಪಾಲಕ್, ಸಬ್ಬಸಗಿ, ಮೂಲಂಗಿ, ಗಜ್ಜರಿ, ಹೂಕೋಸು, ಟೊಮ್ಯಾಟೊ. ಹೊಸಬರು ಇಲ್ಲಿಂದಲೇ ಶುರು ಮಾಡಿ, ಮೇ ತಿಂಗಳಲ್ಲಿ ಶುರು ಮಾಡಿ ಸೋಲಬೇಡಿ. ಬೇಸಿಗೆಗೆ ರಾಜಗಿರಿ, ಪುಂಡಿ, ಬೆಂಡೆ ತಡೆಯುತ್ತವೆ. ಹಗಲು 35 ಡಿಗ್ರಿ ಮೀರಿದರೆ ಟೊಮ್ಯಾಟೊ ಹೂ ಕಾಯಿಕಟ್ಟದೆ ಉದುರುತ್ತದೆ. ಅದಕ್ಕೆ ಔಷಧಿ ಇಲ್ಲ, ನೆರಳು ಕೊಟ್ಟು ಗಿಡ ಉಳಿಸಿಕೊಂಡರೆ ಮಳೆಗೆ ಮತ್ತೆ ಹಿಡಿಯುತ್ತದೆ. ಬೆಳಗಾವಿಯಲ್ಲಿ ಬಿಸಿಲಿನ ಕಾಟ ಕಡಿಮೆ, ಮಳೆಯದು ಹೆಚ್ಚು. ಜುಲೈ–ಆಗಸ್ಟಿನಲ್ಲಿ ಅಲ್ಲಿಯವರು ತೂತುಗಳು ಕಟ್ಟಿಲ್ಲವೇ ಎಂದು ವಾರಕ್ಕೊಮ್ಮೆ ನೋಡಬೇಕು.

ತಳಿಯ ಆಯ್ಕೆಯಲ್ಲಿ ಒಂದು ಮಾತು. ಟೊಮ್ಯಾಟೊಗೆ ಎಲೆ ಮುದುರು ರೋಗ ಇಲ್ಲಿ ದೊಡ್ಡ ಪೀಡೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಅದನ್ನು ತಡೆಯುವ ಗುಣವಿರುವ ಹೈಬ್ರಿಡ್. ಹೈಬ್ರಿಡ್ ಆದ್ದರಿಂದ ಹಣ್ಣಿನ ಬೀಜ ಉಳಿಸಿ ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಅದೇ ಸಂಸ್ಥೆಯ ಅರ್ಕಾ ಸುಗುಣ ರಾಜಗಿರಿ, ಅರ್ಕಾ ಅನುಪಮ ಪಾಲಕ್ ಮತ್ತೆ ಮತ್ತೆ ಕೊಯ್ಯಲು ಬರುತ್ತವೆ.

ಕೊತ್ತಂಬರಿ ಹುಟ್ಟುವುದಿಲ್ಲ ಎನ್ನುವವರು ಇಡೀ ಕಾಳು ಬಿತ್ತಿರುತ್ತಾರೆ. ಒಂದು ಕಾಳಿನಲ್ಲಿ ಎರಡು ಬೀಜ. ಬಟ್ಟೆಯ ಮೇಲೆ ಹಾಕಿ ಲಟ್ಟಣಿಗೆಯಿಂದ ಮೆಲ್ಲಗೆ ಉಜ್ಜಿ ಹೋಳು ಮಾಡಿ, 12 ಗಂಟೆ ನೆನೆಸಿ, ಅರ್ಧ ಇಂಚು ಆಳಕ್ಕೆ ಬಿತ್ತಿ. 8ರಿಂದ 12 ದಿನಕ್ಕೆ ಮೊಳೆಯುತ್ತದೆ, ಅಲ್ಲಿಯವರೆಗೆ ಮೇಲೆ ಹಸಿ ಗೋಣಿ ಮುಚ್ಚಿಡಿ, ಮೊಳಕೆ ಕಂಡ ದಿನವೇ ತೆಗೆಯಿರಿ. ಮೆಂತ್ಯ ರಾತ್ರಿ ನೆನೆಸಿ ಬಿತ್ತಿದರೆ ನಾಲ್ಕು ದಿನಕ್ಕೆ ಹಸಿರು, 25–30 ದಿನಕ್ಕೆ ಪಲ್ಯ. 12 ಇಂಚು ಅಗಲದ ಬಕೆಟ್ಟಿಗೆ ಎರಡು ಚಮಚ ಕಾಳು ಸಾಕು. ರಾಜಗಿರಿ ಬೀಜ ಒಂದು ಚಿಟಿಕೆಯನ್ನು ಹಿಡಿ ಉಸುಕಿಗೆ ಬೆರೆಸಿ ಎರಚಿ, ಇಲ್ಲದಿದ್ದರೆ ಒಂದೇ ಕಡೆ ಗುಂಪಾಗಿ ಹುಟ್ಟಿ ಬುಡ ಕೊಳೆತು ಮಲಗುತ್ತವೆ.

ಸಸಿಯನ್ನು ಸಂಜೆ ಹಚ್ಚಿ. ಟೊಮ್ಯಾಟೊವನ್ನು ಮೊದಲ ಎಲೆಯವರೆಗೆ ಹೂಳಬಹುದು, ಹೂಳಿದ ಕಾಂಡಕ್ಕೂ ಬೇರು ಬರುತ್ತದೆ. ಮೆಣಸು, ಬದನೆ ಇದ್ದಷ್ಟೇ ಆಳಕ್ಕೆ. ಮೂರು ದಿನ ನೆರಳು. ಊರುಗೋಲನ್ನು ಅದೇ ದಿನ ನೆಡಿ, ಆಮೇಲೆ ನೆಟ್ಟರೆ ಬೇರು ಹರಿಯುತ್ತದೆ.

ಊಟ

ಮೊದಲ ಮೂರು ವಾರ ಏನೂ ಬೇಡ. ಆಮೇಲೆ 15 ದಿನಕ್ಕೊಮ್ಮೆ ಎರಡು ಹಿಡಿ ಎರೆಹುಳು ಗೊಬ್ಬರವನ್ನು ಮುಚ್ಚಿಗೆ ಸರಿಸಿ ಹಾಕಿ. ಅದರ ನಡುವಿನ ವಾರ ಶೇಂಗಾ ಹಿಂಡಿಯ ನೀರು: 100 ಗ್ರಾಂ ಹಿಂಡಿ, 1 ಲೀಟರ್ ನೀರು, ಮೂರು ದಿನ ಕಳಿಯಲು ಬಿಟ್ಟು, ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ, ಗಿಡಕ್ಕೆ ಅರ್ಧ ಲೀಟರ್. ತೆಳುಮಾಡದೆ ಹಾಕಿದರೆ ಇರುವೆ, ವಾಸನೆ, ಸುಟ್ಟ ಬೇರು. ಗಿಡ ಕಡುಹಸಿರಾಗಿ ಸೊಕ್ಕಿ ಹೂ ಬಿಡದಿದ್ದರೆ ಹಿಂಡಿ ನಿಲ್ಲಿಸಿ, 13:0:45 (ಪೊಟ್ಯಾಸಿಯಂ ನೈಟ್ರೇಟ್) ಗೊಬ್ಬರದ ಪುಡಿಯನ್ನು ಲೀಟರಿಗೆ 2 ಗ್ರಾಂ ಕರಗಿಸಿ ಎರಡು ವಾರ, ವಾರಕ್ಕೊಮ್ಮೆ ಅರ್ಧ ಲೀಟರ್ ಕೊಡಿ.

ಟೊಮ್ಯಾಟೊದ ತುದಿ ಕಪ್ಪಾಗಿ ಚರ್ಮದಂತಾದರೆ ಎಲ್ಲರೂ ಸುಣ್ಣ ಹಾಕಿ ಎನ್ನುತ್ತಾರೆ. ಕಾರಣ ಕ್ಯಾಲ್ಸಿಯಂ ಸಾಲದ್ದು ನಿಜ, ಆದರೆ ನಮ್ಮ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ. ಮಣ್ಣು ಒಮ್ಮೆ ಒಣಗಿ ಒಮ್ಮೆ ತೊಯ್ದರೆ ಅದು ಕಾಯಿಯ ತುದಿ ಮುಟ್ಟುವುದಿಲ್ಲ. ನೀರು ಒಂದೇ ಹದಕ್ಕೆ ತಂದರೆ ಮುಂದಿನ ಗೊಂಚಲು ಚೊಕ್ಕ ಬರುತ್ತದೆ. ಸುಣ್ಣ ಹಾಕಿದರೆ ಕಬ್ಬಿಣದ ಕೊರತೆ ಇನ್ನೂ ಹೆಚ್ಚಾಗುತ್ತದೆ.

ಮುದುರು, ಹುಳು

ಮೆಣಸಿನ ಎಲೆ ಮೇಲ್ಮುಖವಾಗಿ ದೋಣಿಯಂತೆ ಮಡಚಿದರೆ ಥ್ರಿಪ್ಸ್ ನುಸಿ. ಕೆಳಮುಖವಾಗಿ ಮಗುಚಿದ ದೋಣಿಯಂತಾದರೆ ಮೈಟ್ ನುಸಿ. ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ಬೇವಿನೆಣ್ಣೆ 5 ಮಿ.ಲೀ., ಸೋಪಿನ ದ್ರವ ಸ್ವಲ್ಪ, 1 ಲೀಟರ್ ನೀರು, ಐದಾರು ದಿನಕ್ಕೊಮ್ಮೆ ಎಲೆಯ ಅಡಿಗೆ ಬೀಳುವಂತೆ. ಎರಡನೆಯದಕ್ಕೆ ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ. ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆಯಬೇಡಿ, 35 ಡಿಗ್ರಿ ಮೀರಿದ ದಿನವೂ ಬೇಡ. ಎಲೆ ಸುಡುತ್ತದೆ. ಯಾವುದೇ ಸಿಂಪಡಣೆ ಸಂಜೆಗೇ.

ಟೊಮ್ಯಾಟೊ ಎಲೆ ಮುದುರಿ ಗಿಡ ಗಿಡ್ಡವಾದರೆ, ಬೆಂಡೆ ಎಲೆಯ ನರ ಹಳದಿ ಬಲೆಯಾದರೆ ಅದು ಬಿಳಿನೊಣ ತಂದ ವೈರಸ್, ವಾಸಿಯಾಗದು. ಕಿತ್ತು ಚೀಲದಲ್ಲಿ ಕಟ್ಟಿ ದೂರ ಹಾಕಿ, ಉಳಿದ ಗಿಡಗಳ ನಡುವೆ ಹಳದಿ ಅಂಟು ಹಾಳೆ ತೂಗುಹಾಕಿ. ಬದನೆಯ ಕುಡಿ ಒಂದೇ ಜೋತುಬಿದ್ದರೆ ಒಳಗೆ ಕೊರಕ ಹುಳು ಇದೆ. ಜೋತ ಜಾಗದಿಂದ ಒಂದು ಇಂಚು ಕೆಳಗೆ ಕತ್ತರಿಸಿ ಹುಳು ಹೊಸಕಿ. ವಾರಕ್ಕೆರಡು ಸಲ ಇದನ್ನೊಂದೇ ಮಾಡಿದರೂ ಎಣ್ಣೆಗಾಯಿಗೆ ಸಾಕಷ್ಟು ಬದನೆ ಉಳಿಯುತ್ತದೆ. ಮಾಳಿಗೆಯ ಮೇಲೆ ಗಾಳಿ, ಜೇನು ಸುಳಿಯದಿದ್ದರೆ ಬೆಳಗ್ಗೆ ಎಂಟು–ಹತ್ತರ ನಡುವೆ ಟೊಮ್ಯಾಟೊ ಹೂಗೊಂಚಲಿನ ತೊಟ್ಟಿಗೆ ಬೆರಳಿಂದ ತಟ್ಟಿ, ಪರಾಗ ಉದುರಿ ಕಾಯಿ ಕಟ್ಟುತ್ತದೆ.

ಬೆಳೆ ಮುಗಿದ ಮೇಲೆ

ಹಳೆಯ ಮಣ್ಣು ಚೆಲ್ಲಬೇಡಿ. ತಾಡಪತ್ರಿಯ ಮೇಲೆ ಸುರಿದು ದಪ್ಪ ಬೇರು ಆರಿಸಿ. ನಮ್ಮ ಬಿಸಿಲು ಇಲ್ಲಿ ಉಪಕಾರಕ್ಕೆ ಬರುತ್ತದೆ: ಏಪ್ರಿಲ್–ಮೇನಲ್ಲಿ ಮಣ್ಣನ್ನು ಸ್ವಲ್ಪ ಒದ್ದೆ ಮಾಡಿ, ನಾಲ್ಕೈದು ಇಂಚು ದಪ್ಪ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಮುಚ್ಚಿ, ಅಂಚಿಗೆ ಇಟ್ಟಂಗಿ ಹೇರಿ ಮೂರು ವಾರ ಬಿಡಿ. ಬೇರುಗಂಟು ಹುಳು, ಶಿಲೀಂಧ್ರ, ಕಳೆಬೀಜ ಬಹುಪಾಲು ಸಾಯುತ್ತವೆ. ಒಳ್ಳೆಯ ಜೀವಾಣುವೂ ಕಡಿಮೆಯಾಗುವುದರಿಂದ, ಮೂರನೇ ಒಂದು ಪಾಲು ಹೊಸ ಗೊಬ್ಬರ ಮತ್ತು ಬಕೆಟ್ಟಿಗೆ 10 ಗ್ರಾಂ ಟ್ರೈಕೋಡರ್ಮಾ ಸೇರಿಸಿ ವಾರ ನೆರಳಲ್ಲಿಡಿ. ಟೊಮ್ಯಾಟೊ, ಬದನೆ, ಮೆಣಸು ಒಂದೇ ಕುಟುಂಬದವು, ಒಂದರ ಬೆನ್ನಿಗೆ ಇನ್ನೊಂದನ್ನು ಅದೇ ಮಣ್ಣಿಗೆ ಹಚ್ಚಬೇಡಿ. ನಡುವೆ ಒಂದು ಸಲ ಮೆಂತ್ಯ ಅಥವಾ ಚವಳಿ ಬರಲಿ. ಖಾಲಿಯಾದ ಬಕೆಟ್ಟಿನ ಹಿಡಿಕೆಯ ಕಿವಿಯನ್ನೂ ಒಮ್ಮೆ ಅದುಮಿ ನೋಡಿ. ಎರಡು–ಮೂರು ಬೇಸಿಗೆ ಕಂಡ ಪ್ಲಾಸ್ಟಿಕ್ ಪೆಡಸಾಗಿ, ತುಂಬಿದ ಬಕೆಟ್ ಎತ್ತುವಾಗಲೇ ಕಿತ್ತುಬರುತ್ತದೆ. ಅಂಥದ್ದನ್ನು 8 ಇಂಚಿಗೆ ಕೊಯ್ದು ಮುಂದಿನ ದಸರೆಯ ಕೊತ್ತಂಬರಿಗೆ ಇಟ್ಟುಕೊಳ್ಳಿ.